ಹೊಳೆ ನಡುವಿನ ನೆಲ ಯಾರದು?

ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವರು ತೆರಕಣಾಂಬಿ, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಕೊಳ್ಳೇಗಾಲ ಸೇರಬಹುದು. ಅಲ್ಲಿಂದ ಮುಂದೆ ಸ್ವಲ್ಪ ದೂರ ಹೋದರೆ ಶಿವನಸಮುದ್ರ. ದಾರಿಯುದ್ದಕ್ಕೂ ಒಂದೇ ಜಿಲ್ಲೆ, ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಬಗೆಯ ಹೊಲ. ಆದರೆ 1956ಕ್ಕೆ ಮೊದಲು ಇದೇ ದಾರಿಯಲ್ಲಿ ಹೊರಟವರು ಯಳಂದೂರು ದಾಟಿದ ಮೇಲೆ ಬೇರೊಂದು ಸರ್ಕಾರದ ಸೀಮೆಗೆ ಕಾಲಿಡುತ್ತಿದ್ದರು. ಗುಂಡ್ಲುಪೇಟೆ, ಚಾಮರಾಜನಗರಗಳು ಮೈಸೂರು ಸಂಸ್ಥಾನದಲ್ಲಿದ್ದವು. ಕೊಳ್ಳೇಗಾಲ ಮತ್ತು ಅದಕ್ಕೆ ಸೇರಿದ ಶಿವನಸಮುದ್ರದ ನಡುಗಡ್ಡೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಠಾಣೆ ಬೇರೆ, ಕಚೇರಿ ಬೇರೆ, ಕಂದಾಯದ ಕಟ್ಟಳೆ ಬೇರೆ.

ಕಾವೇರಿ ಇಲ್ಲಿ ಎರಡಾಗಿ ಸೀಳುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ ಸುಮಾರು 300 ಅಡಿ ಧುಮುಕುತ್ತದೆ. ಪೂರ್ವದ ಕವಲು ಭರಚುಕ್ಕಿಯಾಗಿ ಅಗಲಕ್ಕೆ ಹರಡಿಕೊಂಡು ಬೀಳುತ್ತದೆ. ಕೆಳಗೆ ಕಣಿವೆಯಲ್ಲಿ ಎರಡೂ ಮತ್ತೆ ಒಂದಾಗುತ್ತವೆ. ನಡುವೆ ಉಳಿದಿರುವ ನೆಲ ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿಗಿಂತ ಕಡಿಮೆ ಅಗಲ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಗಟ್ಟಿ ಶಿಲೆಯ ಮೇಲೆ ಹರಿಯುವ ನದಿ ಕಲ್ಲನ್ನು ಸುಲಭವಾಗಿ ಕೊರೆಯಲಾರದು. ಕಲ್ಲಿನಲ್ಲಿ ಬಿರುಕು ಎಲ್ಲಿದೆಯೋ ಅಲ್ಲಿಗೆ ನುಗ್ಗುತ್ತದೆ. ಎರಡು ಕಡೆ ಬಿರುಕು ಸಿಕ್ಕರೆ ಎರಡು ದಾರಿ, ನಡುವೆ ನಡುಗಡ್ಡೆ. ಭೂಗೋಳದ ಮಟ್ಟಿಗೆ ವಿಷಯ ಇಷ್ಟೇ. ಆದರೆ ನೀರು ಸುತ್ತುವರಿದ ನೆಲ ಎಂದರೆ ರಾಜರಿಗೆ ಕೋಟೆ, ವೈರಿಗೆ ತೊಡಕು, ಭಕ್ತರಿಗೆ ಕ್ಷೇತ್ರ. ಕಾವೇರಿಯ ಮೂರು ನಡುಗಡ್ಡೆಗಳಲ್ಲಿ ಮೂರು ರಂಗನಾಥರು: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಈ ಪೈಕಿ ಮೊದಲ ಎರಡು ನಡುಗಡ್ಡೆಗಳನ್ನು ಯಾರು ಆಳಬೇಕು ಎಂಬ ಪ್ರಶ್ನೆ ಕನ್ನಡ ನಾಡಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಅಲ್ಲಿ ವಾಸಿಸುವವರನ್ನು ಕೇಳಿ ಉತ್ತರ ಕೊಟ್ಟದ್ದು ಮಾತ್ರ ತೀರ ಈಚೆಗೆ.

ಉಮ್ಮತ್ತೂರಿನ ಪಾಳೆಯಗಾರರು

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಇಂದು ಒಂದು ಸಾಧಾರಣ ಹಳ್ಳಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ಅದು ವಿಜಯನಗರದ ಚಕ್ರವರ್ತಿಗೇ ತಲೆನೋವು ತಂದ ರಾಜಧಾನಿ. ಉಮ್ಮತ್ತೂರಿನ ಒಡೆಯರ ಕೈಯಲ್ಲಿ ಈಗಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯೂ ಇತ್ತು, ಶಿವನಸಮುದ್ರದ ನಡುಗಡ್ಡೆಯೂ ಇತ್ತು. ಇಂದಿನ ಚಾಮರಾಜನಗರ ಜಿಲ್ಲೆಯ ನಕಾಶೆ ಅಂದಿನ ಉಮ್ಮತ್ತೂರು ಸೀಮೆಯನ್ನು ಬಹುಮಟ್ಟಿಗೆ ನೆನಪಿಸುತ್ತದೆ ಎಂದರೆ ತಪ್ಪಾಗಲಾರದು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ, 1510ರಿಂದ 1512ರ ಸುಮಾರಿಗೆ, ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದ. ಗಂಗರಾಜನ ಕೊನೆಯ ಆಸರೆ ಶಿವನಸಮುದ್ರದ ಕೋಟೆ. ಸುತ್ತ ನೀರಿದ್ದರೂ ಕೋಟೆ ಉಳಿಯಲಿಲ್ಲ. ಗಂಗರಾಜ ಕಾವೇರಿಯಲ್ಲೇ ಮುಳುಗಿ ಸತ್ತನೆಂಬ ಪ್ರತೀತಿಯಿದೆ.

ಮುಂದೆ ವಿಜಯನಗರ ಕುಂದಿದಾಗ ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ನಂತರದ ಕೆಲವೇ ವರ್ಷಗಳಲ್ಲಿ ಉಮ್ಮತ್ತೂರು, ತೆರಕಣಾಂಬಿಗಳೂ ಮೈಸೂರಿಗೆ ಸೇರಿದವು. ಹೀಗೆ ಮೇಲಿನ ನಡುಗಡ್ಡೆ ರಾಜಧಾನಿಯಾಯಿತು. ಕೆಳಗಿನ ನಡುಗಡ್ಡೆ ಕಾಡು ಬೆಳೆದ ಹಳೆಯ ಕೋಟೆಯಾಗಿ ಉಳಿಯಿತು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬರುವಾಗ ಇಂಗ್ಲಿಷರ ಸೈನ್ಯಕ್ಕೆ ದವಸ, ಮೇವು ಏನೂ ಸಿಗಬಾರದೆಂದು ಟಿಪ್ಪು ಸುತ್ತಲ ಹಳ್ಳಿಗಳ ಜನರನ್ನೂ ದನಗಳನ್ನೂ ಶಿವನಸಮುದ್ರಕ್ಕೆ ಸಾಗಿಸಿದ್ದ. ಅದನ್ನು ಬಿಟ್ಟರೆ ಆ ಕಾಲದಲ್ಲಿ ಆ ನೆಲದ ಸುದ್ದಿ ಹೆಚ್ಚಾಗಿ ಕೇಳಿಬರುವುದಿಲ್ಲ.

1799: ಒಂದೇ ವರ್ಷ, ಮೂರು ಪಾಲು

1799ರ ಮೇ 4ರಂದು ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಮಡಿದ. ಗೆದ್ದವರು ಅವನ ರಾಜ್ಯವನ್ನು ಹಂಚಿಕೊಳ್ಳಲು ಕುಳಿತರು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ನಡುವಿನ ರಾಜ್ಯ, ನಿಜಾಮನಿಗೆ ಉತ್ತರದ ಭಾಗ, ಕಂಪನಿಗೆ ಕರಾವಳಿ ಮತ್ತು ಘಟ್ಟದ ಕೆಳಗಿನ ಕೊಯಮತ್ತೂರು ಸೀಮೆ. ಈ ಹಂಚಿಕೆಯಲ್ಲಿ ಮೂರು ದ್ವೀಪಗಳ ಹಣೆಬರಹ ಮೂರು ಬಗೆಯಾಯಿತು. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇದರ ಗೊಡವೆಗೆ ಹೋಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಮೊದಲನೆಯದು ಶ್ರೀರಂಗಪಟ್ಟಣ. ಸುತ್ತಲ ಊರುಗಳೆಲ್ಲ ಒಡೆಯರಿಗೆ ಮರಳಿದರೂ ರಾಜಧಾನಿಯ ನಡುಗಡ್ಡೆಯನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿತು. ಮೈಸೂರು ರಾಜ್ಯದ ನಟ್ಟನಡುವೆ ಇಂಗ್ಲಿಷರ ಒಡೆತನದ ಒಂದು ತುಂಡು ನೆಲ! ಆದರೆ ಅಲ್ಲಿನ ಜ್ವರ ಗೋರಾ ಸಿಪಾಯಿಗಳನ್ನು ಬಿಡಲಿಲ್ಲ. 1811ರ ವೇಳೆಗೆ ದಂಡು ಬೆಂಗಳೂರಿಗೆ ಹೋಯಿತು. ಅನಂತರ ಕಂಪನಿ ಈ ನಡುಗಡ್ಡೆಯನ್ನು ವರ್ಷಕ್ಕೆ 50,000 ರೂಪಾಯಿಗೆ ಮೈಸೂರು ಸರ್ಕಾರಕ್ಕೇ ಗುತ್ತಿಗೆ ಕೊಟ್ಟಿತು. ತನ್ನ ಹಳೆಯ ರಾಜಧಾನಿಗೆ ತಾನೇ ಬಾಡಿಗೆ ಕಟ್ಟುವ ಪರಿಸ್ಥಿತಿ ಮೈಸೂರಿನದು. ಈ ಲೆಕ್ಕ ತೀರಿದ್ದು 1881ರಲ್ಲಿ, ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ. ಆಗ ಬ್ರಿಟಿಷರು ಶ್ರೀರಂಗಪಟ್ಟಣವನ್ನು ಬಿಟ್ಟುಕೊಟ್ಟು ಅದರ ಬದಲು ಬೆಂಗಳೂರಿನ ದಂಡು ಪ್ರದೇಶವನ್ನು ಇಟ್ಟುಕೊಂಡರು. ಆ ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಇದ್ದಾಗ. ಹೊಳೆಯೊಳಗಿನ ದ್ವೀಪ ಹೋಗಿ ಊರೊಳಗಿನ ದ್ವೀಪ ಬಂತೆನ್ನಬೇಕು.

ಎರಡನೆಯದು ಶಿವನಸಮುದ್ರ. ಕೊಳ್ಳೇಗಾಲದ ಸೀಮೆ ಕೊಯಮತ್ತೂರಿನ ಜೊತೆ ಕಂಪನಿಯ ಪಾಲಿಗೆ ಹೋದಾಗ ನಡುಗಡ್ಡೆಯೂ ಅದರ ಹಿಂದೆ ಹೋಯಿತು. ಅಲ್ಲಿಗೆ ಉಮ್ಮತ್ತೂರು, ತೆರಕಣಾಂಬಿ, ಶಿವನಸಮುದ್ರಗಳ ಹಳೆಯ ನಂಟು ಕಡಿಯಿತು. ಚಾಮರಾಜನಗರಕ್ಕೆ ಆಗ ಅರಿಕುಠಾರ ಎಂದು ಹೆಸರು. ಮುಮ್ಮಡಿಯವರ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಆ ಹೊತ್ತಿಗೆ ಅದು ಗಡಿಯೂರಾಗಿತ್ತು. ಗುಂಡ್ಲುಪೇಟೆಯ ಕಥೆಯೂ ಅಷ್ಟೇ. ಅದರ ಒಂದು ಕಡೆ ಕಂಪನಿಯ ಮಲಬಾರಿಗೆ ಸೇರಿದ ವಯನಾಡು, ಇನ್ನೊಂದು ಕಡೆ ನೀಲಗಿರಿ. ಇಂದು ಮೂರು ರಾಜ್ಯಗಳು ಕೂಡುವ ತಾಲ್ಲೂಕು ಎಂದು ಅದನ್ನು ಕರೆಯುವುದಕ್ಕೆ ಬೀಜ ಬಿದ್ದದ್ದು ಆಗಲೇ.

ಮೂರನೆಯದು ದೂರದ ಕಡಲಿನಲ್ಲಿದೆ. ಅರಬ್ಬೀ ಸಮುದ್ರದ ಅಮೀನ್‌ದೀವಿ ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ, ಮೊದಲು ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ತಮ್ಮನ್ನು ಆಳಿಕೊಳ್ಳಿ ಎಂದು ಟಿಪ್ಪುವನ್ನು ಕೇಳಿಕೊಂಡರು. ಮಾತುಕತೆ ನಡೆದು ಆ ದ್ವೀಪಗಳು ಮೈಸೂರಿಗೆ ಬಂದವು. ಉಳಿದ ದ್ವೀಪಗಳು ಅರಕ್ಕಲ್ ಮನೆತನದಲ್ಲೇ ಇದ್ದವು. ಈ ಪ್ರಸಂಗ ಸ್ವಾರಸ್ಯಕರ. ಏಕೆಂದರೆ ಈ ಮೂರು ನಡುಗಡ್ಡೆಗಳ ಪೈಕಿ ತನ್ನ ಒಡೆಯನನ್ನು ತಾನೇ ಹುಡುಕಿಕೊಂಡು ಹೊರಟದ್ದು ಅದೊಂದೇ. ಆದರೆ 1799ರಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಟಿಪ್ಪುವಿನ ಆಸ್ತಿ ಎಂಬ ಲೆಕ್ಕದಲ್ಲಿ ದ್ವೀಪಗಳು ಕಂಪನಿಗೆ ಸೇರಿ, ಮಂಗಳೂರಿನಿಂದ ಆಳಿಸಿಕೊಂಡವು; ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ಅಲ್ಲಿನ ತೆಂಗಿನ ನಾರನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ನಾರಿಗೂ ಅಕ್ಕಿಗೂ ಬೆಲೆ ಕಟ್ಟುವವರು ಒಬ್ಬರೇ ಆದಾಗ ವ್ಯಾಪಾರ ಯಾರಿಗೆ ಲಾಭವಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಸೇತುವೆ ಕಟ್ಟಿದವನಿಗೆ ಜಹಗೀರು

ಶಿವನಸಮುದ್ರಕ್ಕೆ ಮರುಜೀವ ಬಂದದ್ದು ಸರ್ಕಾರದಿಂದಲ್ಲ, ಒಬ್ಬ ಖಾಸಗಿ ಮನುಷ್ಯನಿಂದ. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಾಳುಬಿದ್ದ ನಡುಗಡ್ಡೆಯ ಕಾಡು ಕಡಿಸಿ, ದೇವಸ್ಥಾನಗಳನ್ನು ಸರಿಪಡಿಸಿ, ಎರಡು ಕವಲುಗಳಿಗೂ ಕಲ್ಲಿನ ಸೇತುವೆ ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್‌ನ ಹೆಸರು. ಜನರ ಬಾಯಲ್ಲಿ ವೆಲ್ಲೆಸ್ಲಿ ಈಗ ವೆಸ್ಲಿ ಆಗಿದ್ದಾನೆ.

ಈ ಸೇತುವೆಗಳನ್ನು ವಿದ್ಯಾರ್ಥಿಗಳು ಗಮನಿಸಿ ನೋಡಬೇಕು. ಕಮಾನುಗಳಿಲ್ಲ. ಸಾಲು ಸಾಲಾಗಿ ಕಲ್ಲುಕಂಬ ನೆಟ್ಟು, ಮೇಲೆ ಅಡ್ಡ ಕಲ್ಲು ಹೊದಿಸಿದ ಕಟ್ಟಡ. ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವುದಕ್ಕೆ ಕಾರಣವಿದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಉದ್ದನೆಯ ಚಪ್ಪಡಿಯ ಮೇಲೆ ಭಾರ ಬಿದ್ದರೆ ಅದರ ಕೆಳಮೈ ಎಳೆದಂತಾಗಿ ಸೀಳುತ್ತದೆ. ಆದ್ದರಿಂದ ಚಪ್ಪಡಿ ಗಿಡ್ಡವಾಗಿರಬೇಕು, ಕಂಬ ಹೆಚ್ಚಿರಬೇಕು. ಹಂಪೆಯ ಮಂಟಪಗಳಲ್ಲಿ ಕಂಬಗಳ ಕಾಡು ಕಾಣುವುದೂ ಇದೇ ಕಾರಣಕ್ಕೆ. ಕಾವೇರಿಯ ಎಷ್ಟೋ ಮಹಾಪೂರಗಳನ್ನು ತಡೆದುಕೊಂಡ ಈ ಸೇತುವೆಗೆ ಈಚಿನ ವರ್ಷಗಳ ಪ್ರವಾಹದಲ್ಲಿ ಪೆಟ್ಟು ಬಿದ್ದಿದೆ.

ಈ ಕೆಲಸಕ್ಕೆ ಮೆಚ್ಚಿ ಬ್ರಿಟಿಷ್ ಸರ್ಕಾರ ಮೊದಲಿಯಾರರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ನಡುಗಡ್ಡೆ ಹೀಗೆ ಮದರಾಸಿನೊಳಗೊಂದು ಜಹಗೀರಾಯಿತು. ಜಹಗೀರು ಎಂದರೆ ರಾಜ್ಯವಲ್ಲ. ನೆಲದ ಕಂದಾಯ ಎತ್ತಿಕೊಳ್ಳುವ ಹಕ್ಕು ಜಹಗೀರುದಾರನಿಗೆ. ಪೊಲೀಸು, ನ್ಯಾಯ, ಕಾನೂನು ಸರ್ಕಾರಕ್ಕೆ. ರೈತನಿಗೆ ಮಾತ್ರ ದಿನನಿತ್ಯ ಎದುರಾಗುತ್ತಿದ್ದ ಸರ್ಕಾರ ಎಂದರೆ ಜಹಗೀರಿನ ಗುಮಾಸ್ತೆಯೇ. ಪಕ್ಕದ ಯಳಂದೂರಿನದೂ ಇಂಥದೇ ಕಥೆ. ಅದನ್ನು 1807ರಲ್ಲಿ ಮುಮ್ಮಡಿಯವರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಒಳ್ಳೆಯ ಜಹಗೀರುದಾರ ಸಿಕ್ಕರೆ ಸೇತುವೆ, ಛತ್ರ, ಕೆರೆ. ಸಿಗದಿದ್ದರೆ? ಅವನನ್ನು ಬದಲಾಯಿಸುವ ಹಕ್ಕು ಊರವರಿಗಿರಲಿಲ್ಲ. ಮೊದಲಿಯಾರರ ಔದಾರ್ಯ ದೊಡ್ಡದೇ, ಸಂದೇಹವಿಲ್ಲ. ಆದರೆ ಔದಾರ್ಯ ಬೇರೆ, ಅಧಿಕಾರ ಬೇರೆ.

ನಡುಗಡ್ಡೆಯ ಎದುರು ದಡ ಮೈಸೂರಿನದು. ಅಲ್ಲಿ, ಗಗನಚುಕ್ಕಿಯ ಪಕ್ಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾದ ಜಲವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನೀರು ಒಂದೇ, ಆದರೆ ಅದರ ಎರಡು ದಡಗಳಲ್ಲಿ ಎರಡು ಸರ್ಕಾರ. ಕಾವೇರಿಯ ನೀರಿನ ಬಗ್ಗೆ ಮೈಸೂರು ಮತ್ತು ಮದರಾಸುಗಳು 1892ರಲ್ಲಿ ಒಮ್ಮೆ, 1924ರಲ್ಲಿ ಮತ್ತೊಮ್ಮೆ ಒಪ್ಪಂದ ಮಾಡಿಕೊಂಡವು. ಆ ಜಗಳದ ಮುಂದಿನ ಅಧ್ಯಾಯಗಳು ಎಲ್ಲರಿಗೂ ಗೊತ್ತಿರುವುದೇ.

ಯಾರಿಗೆ ಮೊದಲು ಸ್ವರಾಜ್ಯ?

ಈಗ ಒಂದು ಕುತೂಹಲದ ಪ್ರಶ್ನೆ. ಹೊಳೆಯ ಆಚೆ ಈಚೆ ಇದ್ದ ಈ ಎರಡು ಜನಸಮೂಹಗಳಲ್ಲಿ ಯಾರು ಹೆಚ್ಚು ತಮ್ಮನ್ನು ತಾವು ಆಳಿಕೊಂಡರು? ಚಾಮರಾಜನಗರ, ಗುಂಡ್ಲುಪೇಟೆಯವರೇ? ಇಲ್ಲ, ನಡುಗಡ್ಡೆಯವರೇ?

ಮೇಲ್ನೋಟಕ್ಕೆ ಉತ್ತರ ಸುಲಭ. ಮೈಸೂರಿನವರಿಗೆ ಸ್ವಂತ ಮಹಾರಾಜರು, ಸ್ವಂತ ಭಾಷೆ, ಹತ್ತಿರದ ರಾಜಧಾನಿ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರು ಆಳಿದ್ದು ನಿಜವಾದರೂ ಮೈಸೂರು ಮೈಸೂರಾಗಿಯೇ ಉಳಿದಿತ್ತು. ರಾಜ್ಯ ಮರಳಿದ ವರ್ಷವೇ, 1881ರ ದಸರಾ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕುಗಳಿಂದ ಬಂದ 144 ಮಂದಿ ಪ್ರತಿನಿಧಿಗಳು. ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು! 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಅತ್ತ ಕೊಳ್ಳೇಗಾಲದವರಿಗೆ ಜಿಲ್ಲಾ ಕೇಂದ್ರವೇ ದಿಂಬಂ ಘಟ್ಟದ ಕೆಳಗೆ, ಸತ್ಯಮಂಗಲದ ಆಚೆ, ತಮಿಳು ನಾಡಿನ ನಡುವಿನ ಕೊಯಮತ್ತೂರು. ಮೈಸೂರು ನಗರ ಅವರಿಗೆ ಅರವತ್ತು ಕಿಲೋಮೀಟರಿನಷ್ಟು ದೂರ. ಕೊಯಮತ್ತೂರು ಅದರ ಎರಡರಷ್ಟಕ್ಕೂ ಹೆಚ್ಚು. ಕನ್ನಡ ಬಿಟ್ಟು ಬೇರೆ ಬಾರದ ರೈತನಿಗೆ ಅಷ್ಟು ದೂರ ಹೋಗಿ ಅರ್ಜಿ ಕೊಡುವುದು ಹಗುರದ ಮಾತಲ್ಲ.

ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಅಹವಾಲು ಹೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ದಿವಾನರನ್ನು ಇಳಿಸುವಂತಿರಲಿಲ್ಲ. ದಿವಾನರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೆ. ಮದರಾಸು ಪ್ರಾಂತ್ಯದಲ್ಲಾದರೋ 1935ರ ಕಾಯಿದೆಯಂತೆ 1937ರಲ್ಲಿ ಚುನಾವಣೆ ನಡೆದು, ಗೆದ್ದ ಪಕ್ಷವೇ ಮಂತ್ರಿಮಂಡಲ ರಚಿಸಿತು. ರಾಜಗೋಪಾಲಾಚಾರಿಯವರು ಪ್ರಧಾನಿಯಾದರು (ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೆಯೇ ಕರೆಯುತ್ತಿದ್ದರು). ಮತದ ಹಕ್ಕು ಆಸ್ತಿ, ಓದು ಇದ್ದವರಿಗಷ್ಟೇ ಎಂಬುದು ನಿಜ. ಗವರ್ನರರ ವಿಶೇಷಾಧಿಕಾರಗಳೂ ಇದ್ದವು. 1939ರಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆದರೂ ಕೊಳ್ಳೇಗಾಲ ಸೀಮೆಯ ಮತದಾರ ತನ್ನ ಸರ್ಕಾರವನ್ನು ಆರಿಸುವುದರಲ್ಲಿ ಪಾಲುಗೊಂಡ ಹೊತ್ತಿಗೆ ಚಾಮರಾಜನಗರದ ಮತದಾರನಿಗೆ ಆ ಭಾಗ್ಯ ಇರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಟವೇ ನಡೆಯಬೇಕಾಯಿತು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲೀಬಾರು, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ 'ಮೈಸೂರು ಚಲೋ' ಚಳವಳಿ. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು 1947ರ ಅಕ್ಟೋಬರಿನಲ್ಲಿ.

ಅಂದರೆ ಒಬ್ಬರಿಗೆ ತಮ್ಮ ಭಾಷೆಯ ಸರ್ಕಾರವಿತ್ತು, ಅದನ್ನು ಆರಿಸುವ ಹಕ್ಕಿರಲಿಲ್ಲ. ಇನ್ನೊಬ್ಬರಿಗೆ ಆರಿಸುವ ಹಕ್ಕು ಅಷ್ಟಿಷ್ಟು ಇತ್ತು, ಸರ್ಕಾರ ತಮ್ಮ ಭಾಷೆಯದಾಗಿರಲಿಲ್ಲ. ಇವೆರಡರಲ್ಲಿ ಯಾವುದು ಮೇಲು ಎಂದು ತರಗತಿಯಲ್ಲಿ ಚರ್ಚೆ ಇಟ್ಟರೆ ಗಂಟೆ ಹೊಡೆದರೂ ಮುಗಿಯಲಿಕ್ಕಿಲ್ಲ.

ಕಾನೂನಿನ ಒಂದು ವಾಕ್ಯ

1952ರ ಮೊದಲ ಮಹಾಚುನಾವಣೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆಯವರು ಮೈಸೂರು ವಿಧಾನಸಭೆಗೆ ಮತ ಹಾಕಿದರೆ, ಕೊಳ್ಳೇಗಾಲದವರು ಮದರಾಸು ವಿಧಾನಸಭೆಗೆ ಹಾಕಿದರು. ಮರುವರ್ಷ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. 1955ರಲ್ಲಿ ಅದು ವರದಿ ಕೊಟ್ಟಿತು. ಕೊಳ್ಳೇಗಾಲ ತಾಲ್ಲೂಕು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಹೇಳಿತು.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಏನೇನು ಸೇರುತ್ತದೆಂದು ಹೇಳುವ ಕಲಮು ಓದಲು ತಕ್ಕದ್ದು. ಮದರಾಸಿನಿಂದ ಬರುವ ಭಾಗಗಳನ್ನು ಹೇಳುವಾಗ ಅದು ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ ಜಿಲ್ಲೆಯನ್ನೂ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕನ್ನೂ ಹೆಸರಿಸುತ್ತದೆ. 1799ರಲ್ಲಿ ಒಟ್ಟಿಗೆ ಮೈಸೂರಿನಿಂದ ಕಳಚಿಹೋದ ಎರಡು ದ್ವೀಪಗಳು 157 ವರ್ಷಗಳ ನಂತರ ಕಾನೂನಿನ ಒಂದೇ ಕಲಮಿನಲ್ಲಿ ಮತ್ತೆ ಭೇಟಿಯಾದವು. ಒಂದು ಕನ್ನಡ ರಾಜ್ಯದ ಒಳಕ್ಕೆ ಬಂತು, ಇನ್ನೊಂದು ಹೊರಗೆ ಹೋಯಿತು. ಶಿವನಸಮುದ್ರ ಮೈಸೂರು ಜಿಲ್ಲೆಗೆ ಸೇರಿತು. ಅಮೀನ್‌ದೀವಿ, ಲಕ್ಕದೀವಿ, ಮಿನಿಕಾಯ್‌ಗಳು ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಅದರ ಕಚೇರಿ 1964ರವರೆಗೆ ಕೋಳಿಕೋಡಿನಲ್ಲಿ ಇತ್ತು; ಗುಂಡ್ಲುಪೇಟೆಯಿಂದ ವಯನಾಡು ಹಾದು ಇಳಿಯುವ ರಸ್ತೆ ಮುಟ್ಟುವುದು ಅದೇ ಊರನ್ನು. ಆಮೇಲೆ ಕಚೇರಿ ಕವರತ್ತಿಗೆ ಹೋಯಿತು. 1973ರಲ್ಲಿ ಲಕ್ಷದ್ವೀಪ ಎಂದು ಹೆಸರಾಯಿತು. ಅಮಿನಿಯವರ ಆಡುಮಾತು ಮಲಯಾಳಕ್ಕೆ ಹತ್ತಿರದ ಜಸರಿ. ಹಾಗಾಗಿ ಕನ್ನಡ ರಾಜ್ಯದಿಂದ ಹೊರಗುಳಿದದ್ದರಲ್ಲಿ ಅನ್ಯಾಯವೇನೂ ಆಗಲಿಲ್ಲ ಎನ್ನಬಹುದು.

ಅದೇ ಮಾತನ್ನು ತಾಳವಾಡಿಯ ಬಗ್ಗೆ ಹೇಳುವುದು ಕಷ್ಟ. ಚಾಮರಾಜನಗರದಿಂದ ಕೂಗಳತೆಯಲ್ಲಿದೆ ಎನ್ನುವಷ್ಟು ಹತ್ತಿರದ ಈ ಸೀಮೆ ಘಟ್ಟದ ಮೇಲೇ ಇದೆ. ಕನ್ನಡ ಮಾತಾಡುವ ಹಳ್ಳಿಗಳು. ವರನಟ ಡಾ. ರಾಜಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಆದರೆ ಕಾಯಿದೆ ತಾಲ್ಲೂಕನ್ನು ಲೆಕ್ಕಕ್ಕೆ ಹಿಡಿಯಿತೇ ಹೊರತು ಹಳ್ಳಿಯನ್ನಲ್ಲ. ತಾಳವಾಡಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಇರಲಿಲ್ಲ, ಆದ್ದರಿಂದ ಬರಲಿಲ್ಲ. ಇಂದು ಅದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಸುತ್ತ ನೀರಿಲ್ಲದ ನಡುಗಡ್ಡೆ ಎಂದರೆ ಇದೇ.

ಇಂಥ ತೊಡಕಿಗೆ ಬೇರೆ ದಾರಿ ಇರಲಿಲ್ಲವೇ ಎಂದರೆ, ಯೂರೋಪಿನಲ್ಲಿ ಒಂದು ಉದಾಹರಣೆ ಇದೆ. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಜನರಾಡುವುದು ಸ್ವೀಡಿಷ್. ಮೊದಲ ಮಹಾಯುದ್ಧದ ನಂತರ ಅವರು ಸ್ವೀಡನ್ನಿಗೆ ಸೇರಬೇಕೆಂದು ಬಯಸಿದರು. ವಿಷಯ ರಾಷ್ಟ್ರಸಂಘದ ಮುಂದೆ ಹೋಯಿತು. 1921ರಲ್ಲಿ ತೀರ್ಪು: ದ್ವೀಪಗಳು ಫಿನ್ಲೆಂಡಿನಲ್ಲೇ ಇರಲಿ, ಆದರೆ ಅವಕ್ಕೆ ಸ್ವಾಯತ್ತತೆ ಕೊಡಬೇಕು, ಭಾಷೆಗೆ ರಕ್ಷಣೆ ಕೊಡಬೇಕು. ಮರುವರ್ಷವೇ ಅಲ್ಲಿನ ಶಾಸನಸಭೆ ಸೇರಿತು. ಇಂದಿಗೂ ಸುಮಾರು 30,000 ಜನರ ಆ ದ್ವೀಪಗಳಲ್ಲಿ ಆಡಳಿತ ಭಾಷೆ ಸ್ವೀಡಿಷ್ ಒಂದೇ. ಗಡಿ ಕದಲಲಿಲ್ಲ, ಗಡಿಯೊಳಗಿನ ಅಧಿಕಾರ ಕದಲಿತು.

ಗುಂಡ್ಲುಪೇಟೆಯ ನೀರ್ ಸಾಬ್

ಒಂದು ಊರು ಯಾವ ರಾಜ್ಯದಲ್ಲಿದೆ ಎಂಬುದು ಒಂದು ಪ್ರಶ್ನೆ. ಆ ಊರಿನ ಕುಡಿಯುವ ನೀರು, ಶಾಲೆಯ ಮಾಡು, ಬೀದಿಯ ದೀಪವನ್ನು ಯಾರು ನಿರ್ಧರಿಸುತ್ತಾರೆ ಎಂಬುದು ಇನ್ನೊಂದು. ಮೊದಲ ಪ್ರಶ್ನೆ 1956ರಲ್ಲಿ ತೀರಿತು. ಎರಡನೆಯದು ಮತ್ತೆ ಮೂವತ್ತು ವರ್ಷ ಹಾಗೆಯೇ ಉಳಿಯಿತು. ಅದನ್ನು ಕೈಗೆತ್ತಿಕೊಂಡವರು ಗುಂಡ್ಲುಪೇಟೆಯ ಮನುಷ್ಯ ಎಂಬುದನ್ನು ಈ ಜಿಲ್ಲೆಯ ಮಕ್ಕಳು ತಿಳಿದಿರಬೇಕು.

ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಗಾಲದಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ ಜನರಿಂದ 'ನೀರ್ ಸಾಬ್' ಎಂದು ಕರೆಸಿಕೊಂಡರು. ಆದರೆ ಅವರ ದೊಡ್ಡ ಕೆಲಸ ನೆಲದಡಿಯದಲ್ಲ, ಕಾನೂನಿನದು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ 1983ರ ಕಾಯಿದೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ನೂರಕ್ಕೆ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಜಿಲ್ಲೆಯ ಅಧಿಕಾರಿಗಳು ಚುನಾಯಿತ ಅಧ್ಯಕ್ಷರಿಗೆ ಉತ್ತರ ಕೊಡಬೇಕಾಯಿತು. ಎಷ್ಟೋ ಶಾಸಕರಿಗೆ ಇದು ಹಿಡಿಸಲಿಲ್ಲ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಆದರೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವಾಗ ಕರ್ನಾಟಕದ ಈ ಪ್ರಯೋಗ ದೇಶದ ಕಣ್ಣ ಮುಂದಿತ್ತು. ಅದೇ ವರ್ಷ ಕರ್ನಾಟಕದಲ್ಲಿ ಹೊಸ ಪಂಚಾಯತ್ ರಾಜ್ ಕಾಯಿದೆ ಬಂದು ಗ್ರಾಮ ಪಂಚಾಯತಿಗಳಾದವು. ಅದೇ ಗುಂಡ್ಲುಪೇಟೆಯ ಮತದಾರರು ಏಳು ಬಾರಿ ಆರಿಸಿದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದದ್ದನ್ನೂ ಇಲ್ಲಿ ನೆನೆಯಬೇಕು. ಗಡಿಯ ತಾಲ್ಲೂಕೆಂದು ಅಸಡ್ಡೆ ಮಾಡುವವರಿಗೆ ಈ ಎರಡು ಹೆಸರು ಸಾಕು.

ಇತ್ತ ಲಕ್ಷದ್ವೀಪದ ಸ್ಥಿತಿ ಬೇರೆ. ಅಲ್ಲಿ ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ. ರಾಷ್ಟ್ರಪತಿಗಳು ನೇಮಿಸುವ ಆಡಳಿತಾಧಿಕಾರಿಯೇ ಸರ್ಕಾರದ ಮುಖ್ಯಸ್ಥ. ಸಂವಿಧಾನದ 240ನೇ ವಿಧಿಯಂತೆ ರಾಷ್ಟ್ರಪತಿಗಳೇ ಅಲ್ಲಿಗೆ ನಿಯಮಾವಳಿ ಮಾಡಬಹುದು. 2011ರ ಜನಗಣತಿಯಂತೆ 64,473 ಜನ. ಅವರಿಗೆ ಲೋಕಸಭೆಯಲ್ಲಿ ಒಂದು ಸ್ಥಾನ. ಅದೂ ಮೊದಲು ರಾಷ್ಟ್ರಪತಿಗಳ ನೇಮಕದಿಂದ ತುಂಬುತ್ತಿತ್ತು, ಚುನಾವಣೆ ನಡೆದದ್ದು 1967ರಿಂದ. ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಮತದಾರರಿಗೆ ಒಬ್ಬ ಸಂಸದ. ತಲೆ ಎಣಿಸಿದರೆ ದ್ವೀಪದವರ ಒಂದು ವೋಟಿಗೆ ಇಲ್ಲಿನ ಇಪ್ಪತ್ತಕ್ಕೂ ಹೆಚ್ಚು ವೋಟಿನ ತೂಕ! ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಚಾಮರಾಜನಗರ ಜಿಲ್ಲೆಗೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಎಂದು ನಾಲ್ವರು ಶಾಸಕರಿದ್ದಾರೆ. ದ್ವೀಪದವರಿಗೆ ಒಬ್ಬರೂ ಇಲ್ಲ. 1994ರ ನಿಯಮಾವಳಿಯಂತೆ ಅಲ್ಲಿಯೂ ಪಂಚಾಯತಿಗಳಾದವು. ಆದರೆ ನೆಲ, ವ್ಯಾಪಾರ, ಶಿಕ್ಷೆಯ ಕಾನೂನುಗಳು ಅವುಗಳ ಕೈಯಲ್ಲಿಲ್ಲ. 2021ರಲ್ಲಿ ಆಡಳಿತಾಧಿಕಾರಿ ತಂದ ಕರಡು ನಿಯಮಾವಳಿಗಳನ್ನು, ಅದರಲ್ಲೂ ಅಭಿವೃದ್ಧಿ ಪ್ರಾಧಿಕಾರದ ಹೆಸರಿನಲ್ಲಿ ಜಮೀನಿನ ಮೇಲೆ ಸರ್ಕಾರಕ್ಕೆ ಹೆಚ್ಚಿನ ಹಿಡಿತ ಕೊಡುವ ಕರಡನ್ನು, ದ್ವೀಪದ ಜನ ತೀವ್ರವಾಗಿ ವಿರೋಧಿಸಿದರು. ನಮ್ಮನ್ನು ಕೇಳಲಿಲ್ಲ ಎಂಬುದು ಅವರ ಮುಖ್ಯ ದೂರು. ಸಣ್ಣ ಜನಸಂಖ್ಯೆಗೆ ವಿಧಾನಸಭೆ ದುಬಾರಿ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಓಲಂಡಿನ ಜನಸಂಖ್ಯೆ ಲಕ್ಷದ್ವೀಪದ ಅರ್ಧದಷ್ಟೂ ಇಲ್ಲ ಎಂಬುದನ್ನು ಆ ವಾದ ಮಾಡುವವರು ನೆನಪಿಡಬೇಕು.

ಚಾಮರಾಜನಗರ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳು ಅದರಲ್ಲಿ ಸೇರಿದವು. ಉಮ್ಮತ್ತೂರು, ತೆರಕಣಾಂಬಿ, ಶಿವನಸಮುದ್ರ ಹೀಗೆ ಮತ್ತೆ ಒಂದೇ ಕಚೇರಿಯ ಕೆಳಗೆ ಬಂದವು. ಆ ಊರಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆಯಿಂದ ಎಷ್ಟೋ ವರ್ಷ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದ ಕಡೆ ತಲೆ ಹಾಕಲಿಲ್ಲ. 2013ರಲ್ಲಿ ಸಿದ್ದರಾಮಯ್ಯನವರು ಬಂದುಹೋದರು. ಐದು ವರ್ಷ ಪೂರ್ತಿ ಅಧಿಕಾರದಲ್ಲೂ ಇದ್ದರು.

ನಡುಗಡ್ಡೆಯನ್ನು ನೋಡಲು ಹೋಗುವ ಶಾಲೆಗಳವರು ಮಳೆಗಾಲದ ಕೊನೆಯಲ್ಲಿ ಹೋಗುವುದು ಒಳ್ಳೆಯದು. ನೀರು ತುಂಬಿರುತ್ತದೆ, ಆದರೆ ಬಂಡೆಗಳು ಜಾರುತ್ತವೆ. ಕಟಾಂಜನದ ಆಚೆ ಯಾರೂ ಇಳಿಯಬಾರದು. ಮಧ್ಯರಂಗನ ದೇವಸ್ಥಾನ, ಸೋಮೇಶ್ವರ ದೇವಸ್ಥಾನ, ಗಗನಚುಕ್ಕಿಯ ಬಳಿಯ ದರ್ಗಾ, ಹಳೆಯ ಕಲ್ಲುಸೇತುವೆ ಇಷ್ಟನ್ನೂ ಒಂದೇ ದಿನದಲ್ಲಿ ನೋಡಬಹುದು. ಭರಚುಕ್ಕಿಯ ವೀಕ್ಷಣಾ ಸ್ಥಳ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಗಗನಚುಕ್ಕಿಯನ್ನು ಎದುರಿನಿಂದ ನೋಡಬೇಕೆಂದರೆ ಸೇತುವೆ ದಾಟಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಡಕ್ಕೆ ಹೋಗಬೇಕು. ಜಲಪಾತೋತ್ಸವವನ್ನೂ ಎರಡು ಜಿಲ್ಲೆಗಳು ಬೇರೆ ಬೇರೆಯಾಗಿಯೇ ನಡೆಸುತ್ತವೆ.